ಚಟ ಬಿಟ್ಟ ಮೇಲೆ ಕೆಲಸ ಹುಡುಕುವುದು ಹೇಗೆ: ಆತುರ ಪಡದೆ ಒಂದೊಂದೇ ಹೆಜ್ಜೆ

ಚಿಕಿತ್ಸೆ ಮುಗಿಸಿ ಮನೆಗೆ ಬಂದ ಮೊದಲ ವಾರ ಎಲ್ಲರಿಗೂ ಖುಷಿ. ಎರಡನೇ ವಾರದಿಂದ ಒಂದೇ ಪ್ರಶ್ನೆ, ಕೆಲಸಕ್ಕೆ ಯಾವಾಗ? ಮನೆಯವರು ಬಾಯಿಬಿಟ್ಟು ಕೇಳದಿದ್ದರೂ ನಿಮ್ಮ ಮನಸ್ಸೇ ಕೇಳುತ್ತಿರುತ್ತದೆ. ಸಾಲ ಇರುತ್ತದೆ, ಹಾಳು ಮಾಡಿಕೊಂಡ ವರ್ಷಗಳ ಲೆಕ್ಕ ಇರುತ್ತದೆ, ಎಲ್ಲವನ್ನೂ ಒಂದೇ ಏಟಿಗೆ ಸರಿ ಮಾಡಿಬಿಡಬೇಕು ಅನ್ನುವ ಆತುರ ಇರುತ್ತದೆ.

ನನಗೂ ಹಾಗೇ ಆಗಿತ್ತು. ಕುಡಿತ ಬಿಟ್ಟ 26ನೇ ದಿನಕ್ಕೆ ಒಂದು ಗೋದಾಮಿನಲ್ಲಿ ರಾತ್ರಿ ಪಾಳಿಗೆ ಸೇರಿಕೊಂಡೆ. ಸಂಬಳ ಚೆನ್ನಾಗಿತ್ತು. ಆದರೆ ಹಗಲಲ್ಲಿ ನಿದ್ದೆ ಬರುತ್ತಿರಲಿಲ್ಲ, ಚಟ ಬಿಟ್ಟವರೆಲ್ಲ ಸೇರಿ ಮಾತಾಡುವ ಮೀಟಿಂಗಿಗೆ ಹೋಗೋಣ ಅಂದರೆ ಅದೇ ಹೊತ್ತಿಗೆ ಕೆಲಸಕ್ಕೆ ಹೊರಡಬೇಕಿತ್ತು, ಕೌನ್ಸೆಲರ್ ಫೋನ್ ಮಾಡಿದರೆ ನಾನು ಮಲಗಲು ಒದ್ದಾಡುತ್ತಿರುತ್ತಿದ್ದೆ. ಐದನೇ ವಾರ ಸಂಬಳ ಬಂದ ದಿನ ಕುಡಿದೆ. ಕೆಲಸವೂ ಹೋಯಿತು. ಎರಡನೇ ಸಲ ಹುಡುಕುವಾಗ ಮೊದಲು ಬೇರೆ ಪ್ರಶ್ನೆ ಕೇಳಿಕೊಂಡೆ. ಈ ಕೆಲಸಕ್ಕೆ ಹೋದರೆ ನನ್ನ ಮೀಟಿಂಗ್, ಮಾತ್ರೆ, ನಿದ್ದೆ ಉಳಿಯುತ್ತವಾ? ಈ ಲೇಖನ ಪೂರ್ತಿ ಆ ಪ್ರಶ್ನೆಯ ಸುತ್ತಲೇ ಇದೆ.

ಮೊದಲೇ ಒಂದು ಎಚ್ಚರಿಕೆ. ಇದು ಚಿಕಿತ್ಸೆ ಶುರುವಾದವರಿಗೆ ಬರೆದದ್ದು. ದಿನವೂ ಜಾಸ್ತಿ ಕುಡಿಯುವವರು ಕೆಲಸ ಸಿಕ್ಕಿತು ಅಂತ ಒಮ್ಮೆಲೇ ತಾವಾಗಿಯೇ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದಾಗ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕು ದಿನಗಳೊಳಗೆ ಕೈಕಾಲು ನಡುಗಿ, ಇಲ್ಲದ್ದು ಕಣ್ಣಿಗೆ ಕಂಡು, ಪ್ರಾಣಕ್ಕೇ ಅಪಾಯ ಆಗಬಹುದು. ನಿದ್ದೆ ಮಾತ್ರೆಯ ಚಟಕ್ಕೂ ಇದೇ ಮಾತು. ಮೊದಲು ಡಾಕ್ಟರು, ಆಮೇಲೆ ಕೆಲಸ.

ಹೆಜ್ಜೆ 1: ನೀವು ಸಿದ್ಧರಾ? ದಿನ ಎಣಿಸಬೇಡಿ, ದಿನಚರಿ ನೋಡಿ

30 ದಿನ ಆಯಿತು, 90 ದಿನ ಆಯಿತು ಅನ್ನುವ ಲೆಕ್ಕ ನಮ್ಮ ಧೈರ್ಯಕ್ಕೆ ಒಳ್ಳೆಯದು. ಆದರೆ ಕೆಲಸಕ್ಕೆ ಬೇಕಾದದ್ದು ಬೇರೆ. ಚಟ ಬಿಟ್ಟ ಮೊದಲ ಕೆಲವು ತಿಂಗಳು ನಿದ್ದೆ ಕೆಡುವುದು, ಗಮನ ನಿಲ್ಲದಿರುವುದು, ಹೇಳಿದ್ದು ಮರೆತುಹೋಗುವುದು, ಸಣ್ಣದಕ್ಕೂ ಸಿಟ್ಟು ಬರುವುದು ತುಂಬಾ ಜನರಿಗೆ ಆಗುತ್ತದೆ. ಇದು ಸೋಮಾರಿತನವಲ್ಲ, ಮೆದುಳು ಚೇತರಿಸಿಕೊಳ್ಳುತ್ತಿರುವ ರೀತಿ ಇದು. ನಿಧಾನಕ್ಕೆ ಸರಿಯಾಗುತ್ತದೆ.

ಹೀಗೆ ಪರೀಕ್ಷೆ ಮಾಡಿಕೊಳ್ಳಿ. ಎರಡು ವಾರ, ಕೆಲಸ ಇದೆ ಅಂತಲೇ ಬದುಕಿ. ದಿನವೂ ಒಂದೇ ಹೊತ್ತಿಗೆ ಎದ್ದು, ಸ್ನಾನ ತಿಂಡಿ ಮುಗಿಸಿ, ಒಂದೇ ಹೊತ್ತಿಗೆ ಮನೆಯಿಂದ ಹೊರಡಿ. ಗ್ರಂಥಾಲಯಕ್ಕೆ ಹೋಗಿ ಓದಿ, ಪರಿಚಯದವರ ಅಂಗಡಿಯಲ್ಲಿ ಕೈಜೋಡಿಸಿ, ಯಾವುದಾದರೂ ಸೇವಾ ಕೆಲಸ ಮಾಡಿ, ಏನಾದರೂ ಸರಿ, ನಾಲ್ಕು ಗಂಟೆ ಹೊರಗಿರಿ. ಸಂಜೆ ಮನೆಗೆ ಬಂದಾಗ ಹೇಗಿರುತ್ತೀರಿ ಅನ್ನುವುದನ್ನು ಒಂದು ಪುಸ್ತಕದಲ್ಲಿ ಎರಡು ಸಾಲು ಬರೆದಿಡಿ. ಎಷ್ಟು ಸುಸ್ತು, ಯಾವ ಹೊತ್ತಲ್ಲಿ ಎಳೆತ, ಅಂದರೆ ಮತ್ತೆ ಬೇಕು ಅನ್ನುವ ಆಸೆ, ಬಂತು, ರಾತ್ರಿ ನಿದ್ದೆ ಎಷ್ಟು. ಎರಡು ವಾರದಲ್ಲಿ ಹತ್ತು ದಿನವಾದರೂ ಇದನ್ನು ಮಾಡಲು ಆಯಿತು ಅಂದರೆ ಅರ್ಧ ದಿನದ ಕೆಲಸಕ್ಕೆ ನೀವು ಸಿದ್ಧ ಅಂತ ನನ್ನ ಅನಿಸಿಕೆ. ಆಗಲಿಲ್ಲವೇ, ಪುಸ್ತಕ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ನಿದ್ದೆಗೋ ಖಿನ್ನತೆಗೋ ಚಿಕಿತ್ಸೆ ಬೇಕಿರಬಹುದು.

ಹಾಗಂತ ಪೂರ್ತಿ ಸರಿಹೋದ ಮೇಲೇ ಕೆಲಸ ಅಂತ ವರ್ಷಗಟ್ಟಲೆ ಕಾಯಲೂಬಾರದು. 1990ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಡೆಬೊರಾ ಬೆಕರ್ ಮತ್ತು ರಾಬರ್ಟ್ ಡ್ರೇಕ್ ಅನ್ನುವವರು, ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಕೆಲಸ ಹುಡುಕಿಕೊಡುವ ಒಂದು ಪದ್ಧತಿ ರೂಪಿಸಿದರು. ಅಲ್ಲಿಯವರೆಗೆ ಎಲ್ಲೆಡೆ ಮೊದಲು ಉದ್ದನೆಯ ತರಬೇತಿ, ಆಮೇಲೆ ಕೆಲಸ ಅನ್ನುವ ಕ್ರಮ ಇತ್ತು. ಇವರು ಅದನ್ನು ತಿರುಗಿಸಿದರು. ವ್ಯಕ್ತಿಗೆ ಇಷ್ಟವಾದ ನಿಜವಾದ ಕೆಲಸವನ್ನು ಬೇಗ ಹುಡುಕು, ಕೆಲಸಕ್ಕೆ ಸೇರಿದ ಮೇಲೂ ಜೊತೆಗಿದ್ದು ಸಹಾಯ ಮಾಡು, ಚಿಕಿತ್ಸೆ ಮಾಡುವವರೂ ಕೆಲಸ ಹುಡುಕಿಕೊಡುವವರೂ ಒಟ್ಟಿಗೆ ಇರಲಿ ಅಂತ. ಹಳೇ ಕ್ರಮಕ್ಕಿಂತ ಇದರಲ್ಲಿ ಹೆಚ್ಚು ಜನರಿಗೆ ಕೆಲಸ ಸಿಕ್ಕಿತು. ಆಮೇಲೆ ಚಟದಿಂದ ಹೊರಬರುತ್ತಿರುವವರಿಗೂ ಇದನ್ನು ಬಳಸಲು ಶುರು ಮಾಡಿದರು. ನಿಮ್ಮ ಚಿಕಿತ್ಸಾ ಕೇಂದ್ರದಲ್ಲಿ ಅಂಥ ವ್ಯವಸ್ಥೆ ಇದೆಯಾ ಅಂತ ಕೇಳಿ ನೋಡಿ. ಇಲ್ಲದಿದ್ದರೆ ಕೌನ್ಸೆಲರ್‌ಗೆ ಇಷ್ಟು ಹೇಳಿ, ನಾನು ಕೆಲಸ ಹುಡುಕುತ್ತಿದ್ದೇನೆ, ಸೇರಿದ ಮೇಲೂ ಮೂರು ತಿಂಗಳು ವಾರಕ್ಕೊಮ್ಮೆ ನಿಮ್ಮ ಹತ್ತಿರ ಮಾತಾಡಬೇಕು ಅಂತ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆದ ಇನ್ನೊಂದು ಪ್ರಯೋಗವನ್ನೂ ಹೇಳಬೇಕು, ಏಕೆಂದರೆ ‘ಕೆಲಸ ಸಿಕ್ಕರೆ ಎಲ್ಲ ತಾನಾಗೇ ಸರಿಹೋಗುತ್ತೆ’ ಅನ್ನುವ ಮಾತು ಮನೆಮನೆಯಲ್ಲೂ ಕೇಳುತ್ತದೆ. ಅಲ್ಲಿ ಕೆನೆತ್ ಸಿಲ್ವರ್‌ಮನ್ ಮತ್ತು ಜೊತೆಗಾರರು ಒಂದು ಕೆಲಸದ ಜಾಗವನ್ನೇ ಕಟ್ಟಿದರು. ಮೂತ್ರ ಪರೀಕ್ಷೆಯಲ್ಲಿ ಮಾದಕ ವಸ್ತು ಇಲ್ಲ ಅಂತಾದರೆ ಅವತ್ತು ಕೆಲಸ, ಕೂಲಿ. ಈ ವ್ಯವಸ್ಥೆ ಇದ್ದಷ್ಟು ದಿನ ತುಂಬಾ ಜನ ಚಟದಿಂದ ದೂರ ಇದ್ದರು. ವ್ಯವಸ್ಥೆ ನಿಂತ ಮೇಲೆ ಅವರಲ್ಲಿ ಹಲವರು ಮತ್ತೆ ಜಾರಿದರು. ಕೆಲಸದಿಂದ ದೊಡ್ಡ ಸಹಾಯ ಆಗುತ್ತದೆ ನಿಜ, ಆದರೆ ಕೆಲಸ ಸಿಕ್ಕಿತು ಅಂತ ಚಿಕಿತ್ಸೆ ಬಿಟ್ಟರೆ ಆಸರೆ ಒಂದೇ ಕಾಲಿನ ಮೇಲೆ ನಿಲ್ಲುತ್ತದೆ.

ಹೆಜ್ಜೆ 2: ಯಾವ ಕೆಲಸ ಬೇಡ ಅನ್ನುವುದನ್ನು ಮೊದಲು ಬರೆಯಿರಿ

ಒಂದು ಹಾಳೆ ತೆಗೆದುಕೊಂಡು ಹಿಂದೆ ನೀವು ಯಾವಾಗೆಲ್ಲ ಕುಡಿದಿರಿ ಅಥವಾ ತೆಗೆದುಕೊಂಡಿರಿ ಅನ್ನುವುದನ್ನು ನೆನಪು ಮಾಡಿಕೊಂಡು ಬರೆಯಿರಿ. ಯಾವ ಹೊತ್ತು, ಯಾರ ಜೊತೆ, ಎಲ್ಲಿ, ಕೈಯಲ್ಲಿ ಎಷ್ಟು ದುಡ್ಡಿತ್ತು, ಅದಕ್ಕೆ ಸ್ವಲ್ಪ ಮೊದಲು ಏನಾಗಿತ್ತು. ಅಲನ್ ಮಾರ್ಲಟ್ ಅನ್ನುವ ಮನಶ್ಶಾಸ್ತ್ರಜ್ಞರು ಜನ ಮತ್ತೆ ಚಟಕ್ಕೆ ಬೀಳುವ ಸಂದರ್ಭಗಳನ್ನು ನೋಡಿದಾಗ ಮೂರು ಪದೇಪದೇ ಕಂಡವು: ಬೇಜಾರು, ಸಿಟ್ಟು, ಆತಂಕದಂಥ ಭಾವನೆ, ಯಾರದೋ ಜೊತೆ ಜಗಳ, ‘ಬಾರಪ್ಪಾ, ಒಂದೇ’ ಅನ್ನುವ ಜೊತೆಗಾರರ ಒತ್ತಾಯ. ನಿಮ್ಮ ಹಾಳೆಯಲ್ಲೂ ಇವೇ ಜಾಸ್ತಿ ಇರಬಹುದು. ಈಗ ಪ್ರತಿ ಕೆಲಸವನ್ನೂ ಆ ಹಾಳೆಯ ಪಕ್ಕ ಇಟ್ಟು ನೋಡಿ.

ಬಾರಿನಲ್ಲಿ, ಮದ್ಯದ ಅಂಗಡಿಯಲ್ಲಿ ಕೆಲಸ ಬೇಡ ಅನ್ನುವುದು ಯಾರಿಗಾದರೂ ಗೊತ್ತಾಗುತ್ತದೆ. ಕಣ್ಣಿಗೆ ಬೀಳದ ಅಪಾಯಗಳು ಬೇರೆ ಇವೆ. ಗಿರಾಕಿಗಳನ್ನು ರಾತ್ರಿ ಊಟಕ್ಕೆ ಕರೆದುಕೊಂಡು ಹೋಗಬೇಕಾದ ಮಾರಾಟದ ಕೆಲಸ. ತಿಂಗಳಲ್ಲಿ ಹತ್ತು ದಿನ ಬೇರೆ ಊರಿನ ಲಾಡ್ಜ್ ರೂಮಿನಲ್ಲಿ ಒಬ್ಬರೇ ಮಲಗಬೇಕಾದ ಕೆಲಸ. ದಿನವೂ ಸಂಜೆ ಕೈಗೆ ನಗದು ಸಿಗುವ ಕೆಲಸ. ಪಾಳಿ ವಾರಕ್ಕೊಮ್ಮೆ ಬದಲಾಗುವ ಕೆಲಸ. ಮಾತ್ರೆ, ಇಂಜೆಕ್ಷನ್ ಚಟ ಇದ್ದವರಿಗೆ ಔಷಧಿ ಅಂಗಡಿ, ಆಸ್ಪತ್ರೆಯ ಔಷಧಿ ಕಪಾಟು. ಜೂಜಿನ ಚಟ ಇದ್ದವರಿಗೆ ಕ್ಯಾಷ್ ಕೌಂಟರ್, ಅಥವಾ ಇಡೀ ದಿನ ಒಬ್ಬರೇ ಮೊಬೈಲ್ ಹಿಡಿದು ಕೂರುವ ಕೆಲಸ.

ಹಳೇ ಕೆಲಸಕ್ಕೇ ವಾಪಸ್ ಹೋಗಬಹುದಾ? ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ಹಳೇ ಜಾಗದಲ್ಲಿ ನಿಮ್ಮ ಕೈಕೆಲಸ ಗೊತ್ತಿರುವವರು ಇರುತ್ತಾರೆ, ಹೊಸದಾಗಿ ಸಾಬೀತು ಮಾಡಬೇಕಾಗಿಲ್ಲ, ಸಂಬಳವೂ ಜಾಸ್ತಿ. ಆದರೆ ಸಂಜೆ ಒಟ್ಟಿಗೆ ಹೋಗುತ್ತಿದ್ದ ಗುಂಪೂ ಅಲ್ಲೇ ಇರುತ್ತದೆ. ನಾನು ಕೇಳುವ ಪ್ರಶ್ನೆ ಇಷ್ಟೇ: ಆ ಜಾಗದಲ್ಲಿ ನೀವು ಕುಡಿಯದೆ ಇರಲಿ ಅಂತ ನಿಜವಾಗಿ ಬಯಸುವ ಒಬ್ಬರಾದರೂ ಇದ್ದಾರಾ? ಇದ್ದರೆ, ಮತ್ತು ಕೆಲಸದ ಹೊತ್ತು ಅಥವಾ ವಿಭಾಗ ಬದಲಿಸಿಕೊಡಲು ಅವರು ಒಪ್ಪಿದರೆ, ಹೋಗಿ ನೋಡಬಹುದು. ಅಂಥ ಒಬ್ಬರೂ ಇಲ್ಲದಿದ್ದರೆ ಕಡಿಮೆ ಸಂಬಳವಾದರೂ ಬೇರೆ ಜಾಗ ಒಳ್ಳೆಯದು.

ಔಷಧಿ ತೆಗೆದುಕೊಳ್ಳುತ್ತಿರುವವರು ಇನ್ನೊಂದು ವಿಷಯ ನೋಡಬೇಕು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವರಿಗೆ ಮದ್ಯ ಸ್ವಲ್ಪ ಮೈಗೆ ಸೇರಿದರೂ ಮುಖ ಕೆಂಪಾಗಿ, ಎದೆ ಡವಡವ ಅಂದು, ವಾಂತಿ ಆಗುತ್ತದೆ, ಕೆಲವೊಮ್ಮೆ ಆಸ್ಪತ್ರೆಗೇ ಓಡಬೇಕಾಗುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಗುಣ ಉಳಿಯಬಹುದು. ಆಲ್ಕೋಹಾಲ್ ಇರುವ ಸ್ಯಾನಿಟೈಸರ್, ವಾರ್ನಿಷ್, ತೊಳೆಯುವ ದ್ರಾವಣ, ಸೆಂಟು ಇವುಗಳ ಜೊತೆ ದಿನವಿಡೀ ಇರಬೇಕಾದ ಕೆಲಸವಾದರೆ ಸೇರುವ ಮೊದಲೇ ಡಾಕ್ಟರಿಗೆ ಹೇಳಿ. ಅಂದಹಾಗೆ ಈ ಮಾತ್ರೆಯ ಗುಣ ಮೊದಲು ಗೊತ್ತಾದದ್ದೂ ಕೆಲಸದ ಜಾಗದಲ್ಲೇ. ರಬ್ಬರ್ ಉದ್ಯಮದಲ್ಲಿ ಡೈಸಲ್ಫಿರಾಮ್ ಜಾತಿಯ ರಾಸಾಯನಿಕ ಮುಟ್ಟುತ್ತಿದ್ದ ಕೆಲಸಗಾರರಿಗೆ ಕುಡಿದರೆ ಮೈಗೆ ಆಗುತ್ತಿಲ್ಲ ಅಂತ 1937ರಲ್ಲೇ ಅಮೆರಿಕದ ಒಬ್ಬ ಕಾರ್ಖಾನೆ ಡಾಕ್ಟರು ಬರೆದಿದ್ದರು.

ಹೆರಾಯಿನ್‌ನಂಥ ಚಟಕ್ಕೆ ಚಿಕಿತ್ಸೆಯಾಗಿ ಮೆಥಡೋನ್, ಬುಪ್ರೆನಾರ್ಫಿನ್ ತೆಗೆದುಕೊಳ್ಳುವವರೂ ಎಲ್ಲರಂತೆ ಕೆಲಸ ಮಾಡಬಹುದು, ಸಾವಿರಾರು ಜನ ಮಾಡುತ್ತಿದ್ದಾರೆ. ಆದರೆ ಡೋಸ್ ಶುರು ಮಾಡಿದಾಗ, ಬದಲಿಸಿದಾಗ ಮಂಪರು ಬರುತ್ತದೆ. ಆ ದಿನಗಳಲ್ಲಿ ಗಾಡಿ ಓಡಿಸುವುದು, ಎತ್ತರದಲ್ಲಿ ಹತ್ತುವುದು, ಯಂತ್ರದ ಮುಂದೆ ನಿಲ್ಲುವುದು ಬೇಡ. ಕೆಲಸಕ್ಕೋಸ್ಕರ ಮಾತ್ರೆಯನ್ನು ಸುಮ್ನೆ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಡೋಸಿಗೆ ಹೋಗುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಂಡು, ಆ ಹೊತ್ತಿಗೆ ಹೊಂದುವ ಕೆಲಸ ಹುಡುಕಿ.

ಹೆಜ್ಜೆ 3: ಬಯೋಡೇಟಾದಲ್ಲಿ ಖಾಲಿ ಬಿದ್ದ ವರ್ಷಗಳು

ಎಲ್ಲರಿಗೂ ಭಯ ಇಲ್ಲೇ. ಎರಡು ವರ್ಷ ಏನು ಮಾಡುತ್ತಿದ್ದಿರಿ ಅಂತ ಕೇಳಿದರೆ?

ಸುಳ್ಳು ಹೇಳುವುದು ಬೇರೆ, ಎಲ್ಲವನ್ನೂ ಹೇಳದಿರುವುದು ಬೇರೆ. ಇಲ್ಲದ ಕಂಪನಿಯ ಹೆಸರು ಹಾಕುವುದು, ತಾರೀಖು ತಿದ್ದುವುದು ಸುಳ್ಳು. ಅದು ಹಿಂದಿನ ಕೆಲಸದವರಿಗೆ ಒಂದು ಫೋನ್ ಮಾಡಿದರೆ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಚಟ ಇದ್ದಾಗ ನಾವು ದಿನವೂ ಸುಳ್ಳು ಹೇಳಿಯೇ ಬದುಕಿದವರು, ಅಲ್ವಾ? ಮುಚ್ಚಿಡುವ ಆ ಅಭ್ಯಾಸ ಮತ್ತೆ ಶುರುವಾದರೆ ಅದರ ಬೆನ್ನಿಗೆ ಹಳೆಯದೆಲ್ಲ ಬರುತ್ತದೆ. ಆದರೆ ನಿಮ್ಮ ಕಾಯಿಲೆಯ ಪೂರ್ತಿ ಕಥೆಯನ್ನು ಇಂಟರ್‌ವ್ಯೂನಲ್ಲಿ ಬಿಚ್ಚಿಡುವ ಅಗತ್ಯ ಇಲ್ಲ.

ಬಯೋಡೇಟಾದಲ್ಲಿ ತಿಂಗಳು ಬರೆಯದೆ ಬರೀ ವರ್ಷ ಹಾಕಿದರೆ ಸಣ್ಣ ಸಣ್ಣ ಬಿಡುವುಗಳು ಎದ್ದು ಕಾಣುವುದಿಲ್ಲ. ಯಾರಾದರೂ ತಿಂಗಳು ಕೇಳಿದರೆ ಇದ್ದದ್ದನ್ನು ಹೇಳಿ. ಮೇಲುಗಡೆ ನಿಮಗೆ ಏನೇನು ಕೆಲಸ ಬರುತ್ತದೆ ಅನ್ನುವುದನ್ನು ಬರೆದು, ಆಮೇಲೆ ಎಲ್ಲೆಲ್ಲಿ ಮಾಡಿದಿರಿ ಅನ್ನುವುದನ್ನು ಬರೆಯಿರಿ. ಈಚೆಗೆ ಮಾಡಿದ ಸಣ್ಣ ಕೋರ್ಸು, ಸೇವಾ ಕೆಲಸ ಎಲ್ಲ ಸೇರಿಸಿ.

ಬಾಯಲ್ಲಿ ಹೇಳುವ ಉತ್ತರ ಮೂರು ವಾಕ್ಯ ಇರಲಿ. ಉದಾಹರಣೆಗೆ, ‘ಸರ್, ನನಗೆ ಆರೋಗ್ಯದ ತೊಂದರೆ ಇತ್ತು, ಅದಕ್ಕೆ ಕೆಲಸ ಬಿಡಬೇಕಾಯಿತು. ಸರಿಯಾಗಿ ಚಿಕಿತ್ಸೆ ತಗೊಂಡು ಈಗ ಚೆನ್ನಾಗಿದ್ದೇನೆ. ಈ ಆರು ತಿಂಗಳಲ್ಲಿ ಅಕೌಂಟ್ಸ್ ಸಾಫ್ಟ್‌ವೇರ್ ಕಲಿತಿದ್ದೇನೆ, ನಿಮ್ಮಲ್ಲಿ ಅದೇ ಕೆಲಸ ಇರುವುದರಿಂದ ಬಂದೆ.’ ಮೊದಲ ವಾಕ್ಯ ಹಿಂದಿನದು, ಎರಡನೆಯದು ಇಂದಿನದು, ಮೂರನೆಯದು ಅವರ ಕೆಲಸದ ಮಾತು. ಮೂರನೆಯದನ್ನು ಹೇಳಿ ನಿಲ್ಲಿಸಿಬಿಡಿ. ಗಾಬರಿಯಲ್ಲಿ ನಾಲ್ಕನೆಯದು, ಐದನೆಯದು ಬಾಯಿಂದ ಬರುತ್ತದೆ. ಅದಕ್ಕೇ ಇದನ್ನು ಮನೆಯಲ್ಲಿ ಜೋರಾಗಿ ಹತ್ತು ಸಲವಾದರೂ ಹೇಳಿ ಅಭ್ಯಾಸ ಮಾಡಿ, ಕನ್ನಡಿ ಮುಂದೆ ಬೇಡ, ಒಬ್ಬ ಮನುಷ್ಯರ ಮುಂದೆ. ಅವರು ‘ಏನು ತೊಂದರೆ ಇತ್ತು?’ ಅಂತ ಮತ್ತೆ ಕೇಳಲಿ. ‘ಅದು ನನ್ನ ಸ್ವಂತ ವಿಷಯ ಸರ್, ಈಗ ಕೆಲಸಕ್ಕೆ ಅದರಿಂದ ಅಡ್ಡಿ ಇಲ್ಲ’ ಅಂತ ಮರ್ಯಾದೆಯಿಂದ ಹೇಳುವುದನ್ನೂ ಕಲಿಯಿರಿ.

ಹಿಂದಿನ ಕೆಲಸ ಚಟದಿಂದಲೇ ಹೋಗಿದ್ದರೆ, ಅಲ್ಲಿಯ ಮೇಲಧಿಕಾರಿ ನಿಮ್ಮ ಬಗ್ಗೆ ಏನು ಹೇಳಬಹುದು ಅನ್ನುವ ಚಿಂತೆ ಇರುತ್ತದೆ. ನನ್ನ ಸಲಹೆ, ಅವರು ಹೊಸಬರಿಗೆ ಹೇಳುವ ಮೊದಲು ನೀವೇ ಅವರಿಗೆ ಫೋನ್ ಮಾಡಿ. ತಪ್ಪಾಗಿತ್ತು ಅಂತ ಒಪ್ಪಿಕೊಳ್ಳಿ, ಚಿಕಿತ್ಸೆ ಆಗಿದೆ ಅಂತ ಹೇಳಿ, ಯಾರಾದರೂ ಕೇಳಿದರೆ ನನ್ನ ಕೆಲಸದ ಬಗ್ಗೆ ಒಂದು ಮಾತು ಹೇಳುತ್ತೀರಾ ಅಂತ ನೇರವಾಗಿ ಕೇಳಿ. ನಾನು ಕೈನಡುಗುತ್ತಾ ಫೋನ್ ಮಾಡಿದ್ದೆ. ಆ ಕಡೆಯಿಂದ ಬಂದ ಮೊದಲ ಮಾತು, ‘ಊಟ ಆಯ್ತೇನಪ್ಪಾ?’ ಎಲ್ಲರೂ ಹಾಗಿರುವುದಿಲ್ಲ, ಬೈದು ಇಟ್ಟವರೂ ಇದ್ದಾರೆ. ಆಗದಿದ್ದರೆ ಸೇವಾ ಕೆಲಸ ಮಾಡಿದ ಕಡೆಯವರ ಹೆಸರು ಕೊಡಿ.

ಹೆಜ್ಜೆ 4: ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಅಂದರೆ ಐಎಲ್‌ಒ, 1996ರಲ್ಲಿ ಕೆಲಸದ ಜಾಗದಲ್ಲಿ ಮದ್ಯ ಮತ್ತು ಮಾದಕ ವಸ್ತುಗಳ ಬಗ್ಗೆ ಒಂದು ನೀತಿಸಂಹಿತೆ ಹೊರತಂದಿತು. ಇವನ್ನು ಆರೋಗ್ಯದ ಸಮಸ್ಯೆಯಾಗಿಯೇ ನೋಡಬೇಕು, ಚಿಕಿತ್ಸೆ ಕೇಳಿಕೊಂಡು ಬಂದ ಕೆಲಸಗಾರರಿಗೆ ಭೇದ ಮಾಡಬಾರದು, ಮಾಹಿತಿ ಗುಟ್ಟಾಗಿರಬೇಕು ಅನ್ನುವುದು ಅದರ ತಿರುಳು. ಆದರೆ ಇದು ದಾರಿ ತೋರಿಸುವ ಸಂಹಿತೆ, ಇದೇ ಕಾನೂನಲ್ಲ. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 1990ರ ಅಂಗವಿಕಲರ ಕಾಯ್ದೆ, ಚಟ ಬಿಟ್ಟು ಚಿಕಿತ್ಸೆ ಪಡೆದವರಿಗೆ ರಕ್ಷಣೆ ಕೊಡುತ್ತದೆ, ಈಗಲೂ ಕಾನೂನುಬಾಹಿರ ಮಾದಕ ವಸ್ತು ಬಳಸುತ್ತಿರುವವರಿಗೆ ಕೊಡುವುದಿಲ್ಲ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಲ್ಲಿ ಚಟ ಒಂದನ್ನೇ ಅಂಗವೈಕಲ್ಯ ಅಂತ ಎಣಿಸುವುದಿಲ್ಲ. ಭಾರತದ 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆ ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯೊಳಗೆ ಸೇರಿಸಿ, ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅನ್ನುವ ಹಕ್ಕು ಕೊಟ್ಟಿದೆ. ಹೇಳುವ ಮೊದಲು ನೀವಿರುವ ಕಡೆ ಏನಿದೆ ಅಂತ ಕೇಳಿ ತಿಳಿದುಕೊಳ್ಳಿ.

ಕಾನೂನು ಏನೇ ಇರಲಿ, ಇಂಟರ್‌ವ್ಯೂ ದಿನವೇ ಚಟದ ಹೆಸರು ಹೇಳಬೇಕು ಅಂತ ನನಗೆ ಅನಿಸುವುದಿಲ್ಲ. ಎರಡು ಸಂದರ್ಭ ಬಿಟ್ಟು. ನಿಮ್ಮ ಕೆಲಸದಿಂದ ಬೇರೆಯವರ ಜೀವಕ್ಕೆ ಸಂಬಂಧ ಇದ್ದರೆ, ಅಂದರೆ ಡ್ರೈವಿಂಗ್, ನರ್ಸಿಂಗ್, ಭಾರಿ ಯಂತ್ರ, ಆಗ ಕಂಪನಿಯ ವೈದ್ಯರಿಗೆ ನಿಮ್ಮ ಔಷಧಿಯ ವಿಷಯ ಮುಚ್ಚಿಡಬೇಡಿ. ಅರ್ಜಿಯಲ್ಲಿ ನೇರವಾಗಿ ಆರೋಗ್ಯದ ಬಗ್ಗೆಯೋ ಪೊಲೀಸ್ ಕೇಸಿನ ಬಗ್ಗೆಯೋ ಕೇಳಿದ್ದರೆ ಸುಳ್ಳು ಬರೆಯಬೇಡಿ. ಆ ಪ್ರಶ್ನೆಗೆ ಉತ್ತರಿಸಲೇಬೇಕಾ ಅಂತ ಗೊತ್ತಿಲ್ಲದಿದ್ದರೆ ಮೊದಲು ತಿಳಿದವರನ್ನು ಕೇಳಿ, ಆಮೇಲೆ ಬರೆಯಿರಿ.

ಕೆಲಸಕ್ಕೆ ಸೇರಿ ಒಂದೆರಡು ತಿಂಗಳಾದ ಮೇಲೆ ಒಬ್ಬರಿಗೆ ಹೇಳುವುದು ಒಳ್ಳೆಯದು. ಒಬ್ಬರಿಗೆ ಮಾತ್ರ. ಮಾತು ಹೊರಗೆ ಹೋಗದು ಅಂತ ನಿಮಗೆ ನಂಬಿಕೆ ಬಂದಿರುವ ಮೇಲಿನವರೋ, ಹೆಚ್‌ಆರ್‌ನವರೋ. ಹೇಳುವಾಗ ಕೇಳಬೇಕಾದ್ದನ್ನೂ ಜೊತೆಗೇ ಕೇಳಿ. ‘ಮಂಗಳವಾರ ಸಂಜೆ ಆರಕ್ಕೆ ನನಗೆ ಚಿಕಿತ್ಸೆಗೆ ಸಂಬಂಧಪಟ್ಟ ಒಂದು ಭೇಟಿ ಇರುತ್ತದೆ, ಅವತ್ತು ಓವರ್‌ಟೈಮ್ ಬೇಡ, ಬದಲಿಗೆ ಗುರುವಾರ ಮಾಡುತ್ತೇನೆ’ ಅಂದರೆ ಅವರಿಗೂ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. ಉಳಿದ ಸಹೋದ್ಯೋಗಿಗಳಿಗೆ ‘ನಾನು ಕುಡಿಯಲ್ಲ’ ಅಂದರೆ ಸಾಕು. ಕಾರಣ ಕೇಳಿದರೆ ‘ನನಗೆ ಆಗಿಬರಲ್ಲ’ ಅನ್ನಿ. ಪಾರ್ಟಿಗೆ ಹೋಗಲೇಬೇಕಾಗಿ ಬಂದರೆ ಬೇಗ ಹೋಗಿ, ಕೈಯಲ್ಲಿ ನಿಮ್ಮದೇ ಲೋಟ ಹಿಡಿದಿರಿ, ಊಟ ಮಾಡಿ ಬೇಗ ಹೊರಡಿ. ಮೊದಲ ವರ್ಷ ಹೋಗದಿದ್ದರೂ ಏನೂ ಕಳೆದುಕೊಳ್ಳುವುದಿಲ್ಲ.

ಕೆಲಸಕ್ಕೆ ಸೇರುವ ಮುನ್ನ ಮೂತ್ರ ಪರೀಕ್ಷೆ ಇರುವ ಕಡೆ ಎರಡು ವಿಷಯ ನೆನಪಿರಲಿ. ಗಾಂಜಾ ಜಾಸ್ತಿ ಸೇದುತ್ತಿದ್ದವರಿಗೆ ಬಿಟ್ಟ ಮೇಲೂ ಕೆಲವು ವಾರಗಳವರೆಗೆ ಅದು ಮೂತ್ರದಲ್ಲಿ ಕಾಣಬಹುದು. ಕೊಡೈನ್ ಅನ್ನುವ ಅಫೀಮು ಜಾತಿಯ ವಸ್ತು ಇರುವ ಕೆಮ್ಮಿನ ಸಿರಪ್ ಕುಡಿದರೂ ಪರೀಕ್ಷೆಯಲ್ಲಿ ಸಿಕ್ಕಿಬೀಳಬಹುದು. ಡಾಕ್ಟರ ಚೀಟಿ ಜೊತೆಗಿಟ್ಟುಕೊಂಡು ಪರೀಕ್ಷೆಗೆ ಮೊದಲೇ ತೋರಿಸಿ.

ಹೆಜ್ಜೆ 5: ಹುಡುಕಾಟಕ್ಕೂ ಗಂಟೆ ಇಡಿ

ದಿನಕ್ಕೆ ಎರಡು ಗಂಟೆ ಸಾಕು, ಅದೂ ಬೆಳಿಗ್ಗೆ. ರಾತ್ರಿ ಹನ್ನೊಂದಕ್ಕೆ ಮೊಬೈಲ್‌ನಲ್ಲಿ ಕೆಲಸದ ಜಾಹೀರಾತು ನೋಡುತ್ತಾ, ಉತ್ತರ ಬಾರದ ಅರ್ಜಿಗಳನ್ನು ಎಣಿಸುತ್ತಾ ಮಲಗುವುದು ನಮ್ಮಂಥವರಿಗೆ ಒಳ್ಳೆಯದಲ್ಲ. ವಾರಕ್ಕೆ ಇಷ್ಟು ಅರ್ಜಿ, ಇಷ್ಟು ಫೋನ್ ಅಂತ ಇಟ್ಟುಕೊಳ್ಳಿ. ಅಷ್ಟು ಮಾಡಿದರೆ ಆ ವಾರದ ಕೆಲಸ ಮುಗಿಯಿತು, ಅವರು ಕರೆಯಲಿ ಬಿಡಲಿ.

ಇಂಟರ್‌ವ್ಯೂ ಮುಗಿದ ಕೂಡಲೇ ಒಬ್ಬರಿಗೆ ಫೋನ್ ಮಾಡುವುದಾಗಿ ಹಿಂದಿನ ದಿನವೇ ಹೇಳಿಟ್ಟಿರಿ. ಚೆನ್ನಾಗಿ ಆದರೂ ಮಾಡಿ, ಕೆಟ್ಟದಾಗಿ ಆದರೂ ಮಾಡಿ. ಬೇಡ ಅನ್ನಿಸಿಕೊಂಡ ದಿನಕ್ಕಿಂತ ‘ಆಯ್ಕೆ ಆದಿರಿ’ ಅಂದ ದಿನ ನನಗೆ ಎಳೆತ ಜಾಸ್ತಿ ಇತ್ತು, ಸಂಭ್ರಮ ಅಂದರೆ ಬಾಟಲಿ ಅಂತ ಅಷ್ಟು ವರ್ಷ ತಲೆಯೊಳಗೆ ಕೂತಿತ್ತಲ್ಲ.

ಎಲ್ಲಿ ಹುಡುಕುವುದು? ಜಾಹೀರಾತಿನಷ್ಟೇ ಪರಿಚಯದವರೂ ಮುಖ್ಯ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಶುರುವಾದ, ಕುಡಿತ ಬಿಡುವವರ ಗುಂಪು ಆಲ್ಕೊಹಾಲಿಕ್ಸ್ ಅನಾನಿಮಸ್ ಆಗಲಿ, ಆಮೇಲೆ 1953ರಲ್ಲಿ ಹುಟ್ಟಿದ, ಮಾದಕ ವಸ್ತು ಬಿಡುವವರ ಗುಂಪು ನಾರ್ಕೋಟಿಕ್ಸ್ ಅನಾನಿಮಸ್ ಆಗಲಿ, ಅಲ್ಲಿ ಎಲ್ಲ ಥರದ ಕಸುಬಿನವರೂ ಬರುತ್ತಾರೆ. ಮೀಟಿಂಗ್ ನಡೆಯುವಾಗ ಕೆಲಸ ಕೇಳುವುದು ಸರಿಯಲ್ಲ, ಮುಗಿದ ಮೇಲೆ ಟೀ ಕುಡಿಯುವಾಗ ‘ಅಣ್ಣಾ, ಕೆಲಸ ಹುಡುಕುತ್ತಿದ್ದೇನೆ’ ಅಂತ ಹೇಳುವುದರಲ್ಲಿ ತಪ್ಪಿಲ್ಲ. ಒಂದು ಮಾತ್ರ ಬೇಡ. ನಿಮ್ಮ ಸ್ಪಾನ್ಸರ್, ಅಂದರೆ ಗುಂಪಿನಲ್ಲಿ ನಿಮಗೆ ದಾರಿ ತೋರಿಸುವ ಹಳಬರು, ಅವರ ಕೈಕೆಳಗೇ ಕೆಲಸಕ್ಕೆ ಸೇರಬೇಡಿ. ಸಂಬಳ ಕೊಡುವವರಿಗೆ ‘ಇವತ್ತು ಕುಡಿಯಬೇಕು ಅನಿಸುತ್ತಿದೆ’ ಅಂತ ಹೇಳಲು ಬಾಯಿ ಬರುವುದಿಲ್ಲ.

ಮೊದಲ ಕೆಲಸ ಅರ್ಧ ದಿನದ್ದಾದರೆ ಒಳ್ಳೆಯದು. ಮನೆಯ ಸ್ಥಿತಿ ಅದಕ್ಕೆ ಬಿಡುವುದಿಲ್ಲ ಅಂದರೆ ಪೂರ್ತಿ ದಿನದ್ದಕ್ಕೇ ಸೇರಿ, ಓವರ್‌ಟೈಮ್ ಮಾತ್ರ ಮೂರು ತಿಂಗಳು ಬೇಡ.

ಹೆಜ್ಜೆ 6: ಮೊದಲ ತಿಂಗಳು, ಮೊದಲ ಸಂಬಳ

ಸೇರಿದ ದಿನವೇ ಕ್ಯಾಲೆಂಡರ್‌ನಲ್ಲಿ ಮೀಟಿಂಗ್, ಡಾಕ್ಟರ ಭೇಟಿ, ಕೌನ್ಸೆಲಿಂಗ್ ಎಲ್ಲವನ್ನೂ ಮೊದಲು ಬರೆಯಿರಿ. ಉಳಿದ ಹೊತ್ತು ಕೆಲಸಕ್ಕೆ.

ಕೆಲಸದ ನಡುವೆ ಎಳೆತ ಬರುತ್ತದೆ. ಬಂದಾಗ ಹೆದರಬೇಡಿ. ಅದು ಏರಿ, ಉಕ್ಕಿ, ಇಳಿಯುತ್ತದೆ, ಸಾಮಾನ್ಯವಾಗಿ 15ರಿಂದ 30 ನಿಮಿಷದೊಳಗೆ. ಅಷ್ಟು ಹೊತ್ತು ಸುಮ್ನೆ ಕೂರಬೇಡಿ. ಎದ್ದು ಹೋಗಿ ಮುಖ ತೊಳೆಯಿರಿ, ನೀರು ಕುಡಿಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ, ಫೋನ್ ಮಾಡಿ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರಲ್ಲಿ ಯಾವುದು ಅಂತ ಕೇಳಿಕೊಳ್ಳಿ. ನನಗೆ ಸಂಜೆ ನಾಲ್ಕೂವರೆಗೆ ಬರುತ್ತಿದ್ದದ್ದು ಹಸಿವು. ಬ್ಯಾಗಿನಲ್ಲಿ ತಿನ್ನಲು ಏನಾದರೂ ಇಟ್ಟುಕೊಳ್ಳಲು ಶುರು ಮಾಡಿದ ಮೇಲೆ ಆ ಹೊತ್ತಿನ ಕಾಟ ಅರ್ಧಕ್ಕರ್ಧ ಕಡಿಮೆಯಾಯಿತು.

ಸಂಬಳದ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ನಾನು ಬಿದ್ದದ್ದು ಅಲ್ಲೇ. ಕೈಯಲ್ಲಿ ದುಡ್ಡು, ಬೆನ್ನು ತಟ್ಟುವ ಜನ, ತಿಂಗಳ ಸುಸ್ತು, ‘ದುಡಿದಿದ್ದೀನಲ್ಲ, ನನ್ನ ಹಕ್ಕು’ ಅನ್ನುವ ಯೋಚನೆ, ಎಲ್ಲ ಒಂದೇ ಸಂಜೆ ಸೇರುತ್ತವೆ. ಹಾಗಾಗಿ ಆ ಸಂಜೆಯನ್ನು ವಾರಕ್ಕೆ ಮೊದಲೇ ತುಂಬಿಸಿಡಿ. ಸಂಬಳ ಬ್ಯಾಂಕ್ ಖಾತೆಗೇ ಬರಲಿ, ನಗದು ಬೇಡ. ಬಾಡಿಗೆ, ಮನೆಖರ್ಚು, ಸಾಲದ ಕಂತು ಅದೇ ದಿನ ತಾನಾಗೇ ಹೋಗುವಂತೆ ಮಾಡಿ. ಮೊದಲ ಕೆಲವು ತಿಂಗಳು ಎಟಿಎಂ ಕಾರ್ಡನ್ನು ನಂಬಿಕೆಯವರ ಕೈಗೆ ಕೊಡುವುದು ನಿಮಗೆ ಒಪ್ಪಿಗೆಯಾದರೆ ಕೊಡಿ, ಆದರೆ ಅದು ನೀವೇ ಕೇಳಿ ಕೊಟ್ಟದ್ದಾಗಿರಬೇಕು. ಮನೆಯವರು ಕಿತ್ತುಕೊಂಡರೆ ಜಗಳವಾಗುತ್ತದೆ, ಆ ಜಗಳವೇ ಕುಡಿಯಲು ಕಾರಣವಾಗುತ್ತದೆ. ಕೆಲಸ ಮುಗಿದ ಕೂಡಲೇ ಯಾರಾದರೂ ಬಂದು ಕರೆದುಕೊಂಡು ಹೋಗಲಿ. ಮೀಟಿಂಗಿಗೆ ಹೋಗಿ, ಆಮೇಲೆ ಮನೆಯವರ ಜೊತೆ ಊಟ. ಸ್ವಲ್ಪ ದುಡ್ಡಲ್ಲಿ ನಿಮಗೆ ಇಷ್ಟವಾದದ್ದನ್ನು ನೀವೇ ಕೊಳ್ಳಿ, ಅಂಗಿಯೋ ಚಪ್ಪಲಿಯೋ. ನಾನು ಎರಡನೇ ಸಲದ ಮೊದಲ ಸಂಬಳದಲ್ಲಿ ಕೈಗಡಿಯಾರ ತಗೊಂಡೆ. ಇವತ್ತೂ ಕಟ್ಟಿಕೊಳ್ಳುತ್ತೇನೆ.

ಸಾಲಗಾರರಿಗೆ ಒಂದೇ ಸಲ ಎಲ್ಲ ಕೊಟ್ಟು ಮುಗಿಸಬೇಕು ಅನಿಸುತ್ತದೆ. ಹಾಗೆ ಮಾಡಿದರೆ ತಿಂಗಳ ಕೊನೆಗೆ ಕೈ ಖಾಲಿ, ಮತ್ತೆ ಸಾಲ, ಮತ್ತೆ ಸುಳ್ಳು. ಪ್ರತಿಯೊಬ್ಬರಿಗೂ ತಿಂಗಳಿಗೆ ಇಷ್ಟು ಅಂತ ಸಣ್ಣ ಮೊತ್ತ ಹೇಳಿ, ತಪ್ಪದೆ ಕೊಡಿ.

ಮನೆಯವರಿಗೂ ಒಂದು ಮಾತು. ಸಂಜೆ ಬಾಗಿಲಲ್ಲೇ ಬಾಯಿ ಮೂಸಿ ನೋಡುವುದು, ಅರ್ಧ ಗಂಟೆ ತಡವಾದರೆ ಆಫೀಸಿಗೆ ಫೋನ್ ಮಾಡುವುದು ನಿಮ್ಮ ಹೆದರಿಕೆಯಿಂದ ಬರುತ್ತದೆ, ಆ ಹೆದರಿಕೆಗೆ ಕಾರಣ ಇದೆ, ನಾವೇ ಕೊಟ್ಟದ್ದು. ಆದರೂ ‘ತಡವಾದರೆ ನಾನೇ ಮೆಸೇಜ್ ಹಾಕುತ್ತೇನೆ’ ಅನ್ನುವ ಒಪ್ಪಂದ ಒಂದು ಮಾಡಿಕೊಂಡು ನೋಡಿ.

ಹೆಜ್ಜೆ 7: ಕೆಲಸದಲ್ಲಿರುವಾಗಲೇ ಜಾರಿದರೆ

ಆಗಬಹುದು. ಅಮೆರಿಕದ ಸರ್ಕಾರಿ ಮಾದಕ ವಸ್ತು ಸಂಶೋಧನಾ ಸಂಸ್ಥೆಯ ಪ್ರಕಾರ ಚಿಕಿತ್ಸೆ ಪಡೆದವರಲ್ಲಿ ಶೇ. 40ರಿಂದ 60 ಜನರಿಗೆ ಚಟ ಮರುಕಳಿಸುತ್ತದೆ. ಬಿಪಿ, ಅಸ್ತಮಾದಂಥ ಕಾಯಿಲೆ ಮರುಕಳಿಸುವುದಕ್ಕೆ ಹೋಲಿಸಿ ಅವರು ಇದನ್ನು ಹೇಳುತ್ತಾರೆ. ಮಾರ್ಲಟ್ ಗುರುತಿಸಿದ ಇನ್ನೊಂದು ವಿಷಯ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಂದು ಸಲ ಜಾರಿದ ಕೂಡಲೇ ‘ಮುಗೀತು, ಎಲ್ಲ ಹಾಳಾಯ್ತು, ನಾನು ಇಷ್ಟೇ’ ಅಂತ ಮನಸ್ಸು ಹೇಳುತ್ತದೆ. ಮೊದಲ ಗುಟುಕಿಗಿಂತ ಆ ಮಾತು ಮನುಷ್ಯನನ್ನು ಆಳಕ್ಕೆ ಎಳೆಯುತ್ತದೆ.

ಆದ್ದರಿಂದ ಈಗಲೇ, ಚೆನ್ನಾಗಿರುವಾಗಲೇ, ಒಂದು ಚೀಟಿ ಬರೆದು ಪರ್ಸಿನಲ್ಲಿಡಿ. ಜಾರಿದರೆ ಮೊದಲು ಯಾರಿಗೆ ಫೋನ್, ಅವರು ಎತ್ತದಿದ್ದರೆ ಯಾರಿಗೆ, ಡಾಕ್ಟರ ನಂಬರ್. ಕುಡಿದ ಅಥವಾ ತೆಗೆದುಕೊಂಡ ಸ್ಥಿತಿಯಲ್ಲಿ ಕೆಲಸಕ್ಕೆ ಹೋಗಬೇಡಿ, ಗಾಡಿ ಮುಟ್ಟಬೇಡಿ. ‘ಹುಷಾರಿಲ್ಲ, ಇವತ್ತು ಬರಲ್ಲ’ ಅಂತ ಒಂದು ಸಾಲು ಕಳಿಸಿ, ಅದು ನಿಜವೂ ಹೌದು. ಹೆರಾಯಿನ್‌ನಂಥ ಅಫೀಮು ಜಾತಿಯ ವಸ್ತು ಬಿಟ್ಟವರು ಇದನ್ನು ಗಟ್ಟಿಯಾಗಿ ನೆನಪಿಡಬೇಕು: ಬಿಟ್ಟು ಕೆಲವು ವಾರಗಳಾದರೆ ಮೈ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ, ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟೇ ಈಗ ತೆಗೆದುಕೊಂಡರೂ ಉಸಿರು ನಿಂತು ಸಾಯಬಹುದು. ನಾಲೊಕ್ಸೋನ್ ಅನ್ನುವ ಔಷಧಿ ಅಂಥ ಹೊತ್ತಲ್ಲಿ ಜೀವ ಉಳಿಸುತ್ತದೆ. ಅದು ಸಿಗುವ ಕಡೆ ಮನೆಯಲ್ಲಿ ಇಟ್ಟುಕೊಳ್ಳಿ, ಮನೆಯವರಿಗೆ ಬಳಸಲು ಕಲಿಸಿ, ಕೊಟ್ಟ ಮೇಲೂ ಆಂಬುಲೆನ್ಸ್ ಕರೆಯಲಿ.

ಆ ರಾತ್ರಿ ನಾಚಿಕೆಯಲ್ಲಿ ರಾಜೀನಾಮೆ ಮೆಸೇಜ್ ಕಳಿಸಬೇಡಿ. ನಾನು ಕಳಿಸಿದ್ದೆ, ರಾತ್ರಿ ಎರಡು ಗಂಟೆಗೆ, ಆ ಗೋದಾಮಿನ ಮೇಲ್ವಿಚಾರಕರಿಗೆ. ಬೆಳಿಗ್ಗೆ ಅವರು ಫೋನ್ ಮಾಡಿದಾಗ ಎತ್ತಲೂ ಇಲ್ಲ. ಅವರು ಬೈಯಲು ಮಾಡಿದ್ದರೋ, ಬಾ ಅನ್ನಲು ಮಾಡಿದ್ದರೋ ನನಗೆ ಇವತ್ತಿಗೂ ಗೊತ್ತಿಲ್ಲ. ಫೋನನ್ನು ಮನೆಯವರ ಕೈಗೆ ಕೊಟ್ಟು ಮಲಗಿ. ಮಾರನೇ ದಿನ ಮೊದಲು ಡಾಕ್ಟರನ್ನೋ ಕೌನ್ಸೆಲರನ್ನೋ ನೋಡಿ. ಕೆಲಸದವರಿಗೆ ಏನು ಹೇಳಬೇಕು ಅನ್ನುವುದನ್ನು ಅವರ ಜೊತೆ ಕೂತು ಬರೆದುಕೊಂಡು, ಆಮೇಲೆ ಫೋನ್ ಮಾಡಿ.